ಬೆಳಗ್ಗಿನ ನಾಲ್ಕು ಅಂಕೆಗಳು

ಹಳಿಯಡಿಯ ಮರದ ದಿಮ್ಮಿಗಳಿಗೆ ಬಳಿದ ಕರಿ ಎಣ್ಣೆ ಏಪ್ರಿಲ್ ಬಿಸಿಲಿಗೆ ಬೆವರಿದಾಗ ಒಂದು ವಾಸನೆ ಏಳುತ್ತಿತ್ತು. ಡಾಂಬರಿನ ವಾಸನೆಗೆ ಹತ್ತಿರದ್ದು, ಅಷ್ಟು ಒರಟಾಗಿ ಮೂಗಿಗೆ ಬಡಿಯದ್ದು. ಅದರೊಳಗೆ ಸ್ವಲ್ಪ ಕಲ್ಲಿದ್ದಲ ಹೊಗೆ, ಸ್ವಲ್ಪ ತುಕ್ಕು, ಕೈದೀಪದ ಸೀಮೆಎಣ್ಣೆ. ಪಂಕಜಾಕ್ಷಿಯ ಮಟ್ಟಿಗೆ ಅದು ಅಪ್ಪನ ವಾಸನೆ. ಪಾದೆಬೈಲಿನ ರೈಲ್ವೆ ಗೇಟು ಕಾಯುತ್ತಿದ್ದ ಐತಪ್ಪನ ನೀಲಿ ಅಂಗಿಯನ್ನು ಅಮ್ಮ ಎಷ್ಟು ಸೋಪು ಹಾಕಿ, ಕುದಿಸಿ, ಕಲ್ಲಿಗೆ ಬಡಿದು ಒಗೆದರೂ ಅದು ಬಿಡುತ್ತಿರಲಿಲ್ಲ. ಶಾಲೆ ಬಿಟ್ಟು ಬಂದು ಗೇಟುಮನೆಯ ಜಗಲಿಯಲ್ಲಿ ಅಪ್ಪನ ಮಗ್ಗುಲಿಗೆ ಕೂತು ಪುಸ್ತಕ ಬಿಚ್ಚಿದಾಗ ಆ ವಾಸನೆ ಬಂದರೆ ಸಾಕು, ಇನ್ನು ಹೆದರುವುದಕ್ಕೆ ಏನೂ ಇಲ್ಲ ಎನಿಸುತ್ತಿತ್ತು.

ಅದರದ್ದೇ ಒಂದು ಎಳೆ, ಸುಮಾರು ಐವತ್ತು ವರ್ಷಗಳ ಮೇಲೆ, ಊಟದ ಮೇಜಿನ ಮೇಲೆ ಓಡುತ್ತಿದ್ದ ಬೆರಳುದ್ದದ ಪುಟ್ಟ ರೈಲಿನ ಇಂಜಿನಿನಿಂದ ಬಂತು. ಹತ್ತು ಸುತ್ತು ಓಡಿ ಬಿಸಿಯಾಗಿತ್ತು ಅದು. ಒಳಗಿನ ಮೋಟಾರಿನ ಎಣ್ಣೆ ಕಾದಿತ್ತು, ಅಷ್ಟೆ. ಪಂಕಜಾಕ್ಷಿ ಕನ್ನಡಕ ತೆಗೆದಿಟ್ಟು, ಬಗ್ಗಿ, ಮೂಸಿದಳು. ಮತ್ತೆ ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ.

ಮಂಗಲ್ಪಾಡಿಯ ಒಳದಾರಿಯಲ್ಲಿರುವ ಆ ಮನೆ ಅವಳು ನಿವೃತ್ತಳಾದಾಗ ಕಟ್ಟಿಸಿದ್ದು. ಮೂವತ್ತಮೂರು ವರ್ಷ ಭೂಗೋಳ ಕಲಿಸಿದವಳು. ಮದುವೆಯ ಮಾತು ಒಂದೆರಡು ಬಾರಿ ಬಂದು ಹೋಗಿತ್ತು. ಅದಕ್ಕಾಗಿ ಅವಳು ಕೊರಗಿದ್ದಿಲ್ಲ. ಊರಿನವರಿಗೆ ಅವಳು ಪಂಕಜಾಕ್ಷಿ ಟೀಚರ್. ಮಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿ ಉಜ್ವಲನ ಮನೆಗೆ ಹೋಗಿದ್ದಾಗ ಅವನ ಕಪಾಟಿನ ಮೇಲೆ ಇಂಥದೊಂದು ರೈಲು ಕಂಡು, ಮಕ್ಕಳ ಆಟಿಕೆಯೆಂದುಕೊಂಡು ಮುಟ್ಟಲು ಹೋದಳು. ಉಜ್ವಲ ನಗುತ್ತಾ, ಆಟಿಕೆಯಲ್ಲ ಟೀಚರ್, ಇದಕ್ಕೆ ಸ್ಕೇಲ್ ಉಂಟು ಎಂದ. ಸ್ಕೇಲ್ ಎಂದ ಕೂಡಲೇ ಅವಳ ಕಿವಿ ನೆಟ್ಟಗಾಯಿತು. ಒಂದಕ್ಕೆ ಐವತ್ತು ಸಾವಿರದ ನಕಾಶೆಗಳನ್ನು ಕರಿಹಲಗೆಗೆ ಅಂಟಿಸಿ ಬದುಕಿದವಳು ಅವಳು. ಇದು ಒಂದಕ್ಕೆ ನೂರ ಅರವತ್ತು; ಎನ್ ಗೇಜ್ ಎನ್ನುತ್ತಾರೆ, ಎರಡು ಹಳಿಗಳ ನಡುವೆ ಒಂಬತ್ತೇ ಮಿಲಿಮೀಟರ್. ಇದಕ್ಕಿಂತ ದೊಡ್ಡ ಅಳತೆಯದ್ದಾದರೆ ನಿಮ್ಮ ಮನೆ ಸಾಲದು, ಇದಕ್ಕಿಂತ ಸಣ್ಣದಾದರೆ ನಿಮ್ಮ ಕಣ್ಣು ಸಾಲದು ಎಂದ ಅವನು. ಮೊದಲಿಗೆ ಎಲ್ಲ ಸೇರಿ ಬರುವ ಒಂದೇ ಪೆಟ್ಟಿಗೆ ತರಿಸಿಕೊಳ್ಳಿ: ಒಂದು ಸುತ್ತು ಹಳಿ, ಒಂದು ಇಂಜಿನು, ಮೂರು ಡಬ್ಬಿ, ವೇಗ ಏರಿಸಿ ಇಳಿಸುವ ತಿರುಗುಗುಂಡಿಯ ಪೆಟ್ಟಿಗೆ. ಅದು ತಡೆಯಿಲ್ಲದೆ ಹತ್ತು ಸುತ್ತು ಓಡುವವರೆಗೆ ಬೇರೇನೂ ಕೊಳ್ಳಬೇಡಿ ಎಂದ.

ಹತ್ತು ಸುತ್ತು ಓಡಿದ ದಿನವೇ ಅವಳಿಗೆ ಆ ವಾಸನೆ ಬಂದದ್ದು. ಯಾವ ಊರಿನ ರೈಲು ಕಟ್ಟಬೇಕೆಂದು ಮತ್ತೆ ಯೋಚಿಸಬೇಕಾಗಲಿಲ್ಲ.

ಪಾದೆಬೈಲು ಈಗ ಇಲ್ಲ. ಜೋಡಿ ಹಳಿ ಬಂದಾಗ ನಿಲ್ದಾಣ ಹೋಯಿತು, ಗೇಟಿದ್ದಲ್ಲಿ ಕೆಳಸೇತುವೆ ಬಂತು. ನಿಲ್ದಾಣದಿಂದ ಗೇಟಿಗೆ ಆರುನೂರು ಮೀಟರ್. ಪಂಕಜಾಕ್ಷಿ ಕಾಗದದ ಮೇಲೆ ಭಾಗಿಸಿ ನೋಡಿದಳು: ಮೂರು ಮುಕ್ಕಾಲು ಮೀಟರ್. ಒಳಕೋಣೆಯ ಗೋಡೆ ಅದಕ್ಕಿಂತ ಎರಡು ಮೊಳ ಉದ್ದವಿತ್ತು. ಎಂದರೆ ಎಲ್ಲಿಯೂ ಕತ್ತರಿಸದೆ, ಇದ್ದ ಹಾಗೆಯೇ ಕಟ್ಟಬಹುದು. ಅಪ್ಪನ ಎತ್ತರವನ್ನೂ ಭಾಗಿಸಿದಳು. ಒಂದು ಸೆಂಟಿಮೀಟರ್‌ಗಿಂತ ಒಂದು ಕೂದಲು ಹೆಚ್ಚು.

ಕಲಿಯುವಾಗ ಆದ ಫಜೀತಿಗಳು ಒಂದೆರಡಲ್ಲ. ಕಡಲಗಾಳಿಗೆ ಹಳಿ ಕಪ್ಪಾಗುವುದನ್ನು ಕಂಡು, ಮನೆಯ ಕತ್ತಿ ಕತ್ತರಿಗಳಿಗೆಲ್ಲ ಮಾಡುವ ಹಾಗೆ ಬಟ್ಟೆಯಲ್ಲಿ ತೆಂಗಿನೆಣ್ಣೆ ಅದ್ದಿ ಉಜ್ಜಿದಳು. ಇಂಜಿನು ನಿಂತಲ್ಲೇ ನಿಂತಿತು, ಮರುದಿನ ಬೆಳಿಗ್ಗೆ ನೋಡಿದರೆ ಹಳಿಯ ಮೇಲೆ ಇರುವೆಗಳ ಮೆರವಣಿಗೆ. ಇನ್ನೊಮ್ಮೆ, ಹಳಿಯ ಬುಡಕ್ಕೆ ಹಾಕಲು ಜಲ್ಲಿ ಬೇಕಲ್ಲ ಎಂದು ಹಿತ್ತಿಲ ಕೆಂಪುಕಲ್ಲನ್ನು ಜಜ್ಜಿ, ಚಹಾ ಸೋಸುವ ಜರಡಿಯಲ್ಲಿ ಗಾಳಿಸಿ, ಅಂಟಿಗೆ ನೀರು ಬೆರೆಸಿ ಕೂರಿಸಿದಳು. ನೋಡಲು ನಮ್ಮದೇ ಮಣ್ಣು. ಮೂರನೆಯ ದಿನ ಇಂಜಿನು ಕೆಮ್ಮತೊಡಗಿತು. ಕೆಂಪುಕಲ್ಲಿನಲ್ಲಿ ಕಬ್ಬಿಣ ಉಂಟೆಂದು ಮಕ್ಕಳಿಗೆ ಮೂವತ್ತಮೂರು ವರ್ಷ ಪಾಠ ಹೇಳಿದವಳಿಗೇ, ಮೋಟಾರಿನೊಳಗೆ ಅಯಸ್ಕಾಂತ ಇರುತ್ತದೆಂಬುದು ಹೊಳೆದಿರಲಿಲ್ಲ. ಸಡಿಲವಾಗಿದ್ದ ಹುಡಿಯನ್ನೆಲ್ಲ ಅದು ಹೊಟ್ಟೆಗೆ ಎಳೆದುಕೊಂಡಿತ್ತು.

ಆ ಇಂಜಿನನ್ನು ಬಿಚ್ಚಿ ಸರಿಮಾಡಿದವರು ಕೇಶವಪ್ರಸಾದರು.

ಟೀಚರ್ ಮನೆಯಲ್ಲಿ ಪಾದೆಬೈಲು ಎಂದು ಊರ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಆ ತುಂಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮೀಂಜದಿಂದ ಎರಡು ಬಸ್ಸು ಬದಲಿಸಿ, ಎಪ್ಪತ್ತು ದಾಟಿದ ಒಬ್ಬ ತೆಳ್ಳಗಿನ ಮನುಷ್ಯ ಬಂದರು. ಜಗಲಿಯಲ್ಲಿ ಚೀಲ ತೊಡೆಯ ಮೇಲಿಟ್ಟು ಕೂತರು. ಪಂಕಜಾಕ್ಷಿ ಚಹಾ ಕೊಟ್ಟ ಮೇಲೆ, ನಾನು ರೈಲ್ವೆಯಲ್ಲಿದ್ದವನು, ಪಾದೆಬೈಲಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರನಾಗಿ ಎಪ್ಪತ್ತೇಳರಲ್ಲಿ ಸೇರಿದ್ದೆ ಎಂದರು. ನನ್ನ ಅಪ್ಪ ಅಲ್ಲಿ ಗೇಟಿನಲ್ಲಿದ್ದರು, ಐತಪ್ಪ ಅಂತ, ಗೊತ್ತಿತ್ತಾ ಎಂದು ಕೇಳಿದಳು.

“ಹೆಸರು ಕೇಳಿದ್ದೆ,” ಎಂದರು ಅವರು, ಲೋಟದ ತಳ ನೋಡುತ್ತಾ. “ನಾನು ಬರುವಾಗ ಅವರು ಹೋಗಿ ಆಗಿತ್ತು.”

ಹಾಗೆಂದರೆ ಇವರಿಗೆ ಆ ಕತೆ ಗೊತ್ತು. ಗೊತ್ತಿದ್ದೂ ಕೆದಕಲಿಲ್ಲವಲ್ಲ ಎಂದು ಅವಳಿಗೆ ಅಂದೇ ಅವರ ಮೇಲೆ ಗೌರವ ಬಂತು.

ಆ ಕತೆ ಇಷ್ಟು. ಎಪ್ಪತ್ತಾರರ ಫೆಬ್ರವರಿ. ಮಧ್ಯಾಹ್ನ ಮೂರರ ಹೊತ್ತಿಗೆ, ವೇಳಾಪಟ್ಟಿಯಲ್ಲಿಲ್ಲದ ಒಂದು ಗೂಡ್ಸ್ ರೈಲು ಬಂತು. ಗೇಟು ತೆರೆದಿತ್ತು. ಹಂಚು ಹೇರಿದ ಎತ್ತಿನ ಗಾಡಿ ಹಳಿಯ ಮೇಲಿತ್ತು. ಎರಡೂ ಎತ್ತು ಸತ್ತವು, ಗಾಡಿಯವನ ಒಂದು ಕಾಲು ಹೋಯಿತು. ಗೇಟು ಹಾಕಿದ್ದೇನೆಂದು ಗೇಟಿನವನು ಫೋನಿನಲ್ಲಿ ಹೇಳಿದ ಮೇಲೆಯೇ ಸ್ಟೇಷನ್ನಿನವರು ರೈಲು ಬಿಡಬೇಕೆಂಬುದು ಕಾನೂನು. ಬರೀ ಬಾಯಿಮಾತು ಸಾಲದು. ಗೇಟಿನವನ ಬಳಿ ಗುಟ್ಟಿನ ಅಂಕೆಗಳ ಒಂದು ಹಾಳೆ ಇರುತ್ತದೆ. ರೈಲಿಗೊಂದರಂತೆ ಸಾಲಿನಲ್ಲಿದ್ದ ಅಂಕೆಯನ್ನು ಅವನು ಫೋನಿನಲ್ಲಿ ಹೇಳಿ, ಹಾಳೆಯಲ್ಲಿ ಹೊಡೆದುಹಾಕಬೇಕು, ಸ್ಟೇಷನ್ನಿನವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆಯಬೇಕು. ಐತಪ್ಪನ ಹಾಳೆಯಲ್ಲಿ ಆ ದಿನದ ನಾಲ್ಕನೆಯ ಅಂಕೆ ನಲವತ್ತೇಳು. ಅದಕ್ಕೆ ಗೀಟು ಬಿದ್ದಿತ್ತು. ಸ್ಟೇಷನ್ನಿನ ಪುಸ್ತಕದಲ್ಲಿ ಗೂಡ್ಸ್ ರೈಲಿನೆದುರು ಅದೇ ನಲವತ್ತೇಳು ಇತ್ತು. ವಿಚಾರಣೆಗೆ ಮತ್ತೇನು ಬೇಕು? ಕೆಲಸ ಹೋಯಿತು, ಗೇಟುಮನೆ ಹೋಯಿತು. ಐತಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ. ಎಂಟನೆಯ ತರಗತಿಯಲ್ಲಿದ್ದ ಪಂಕಜಾಕ್ಷಿಯ ತಮ್ಮ ಪುರಂದರ ಶಾಲೆ ಬಿಟ್ಟು ಉಪ್ಪಳದ ಸೋಡಾ ಅಂಗಡಿಗೆ ಸೇರಿದ. ಅಕ್ಕ ಓದುತ್ತಿದ್ದಾಳೆ, ಅವಳದ್ದು ನಿಲ್ಲಿಸಬೇಡಿ ಎಂದವನೂ ಅವನೇ.

ಪಂಕಜಾಕ್ಷಿ ಆಗ ಕಾಸರಗೋಡಿನಲ್ಲಿ ಡಿಗ್ರಿ ಎರಡನೇ ವರ್ಷ. ಶನಿವಾರ ಊರಿಗೆ ಬಂದಾಗ ಅಪ್ಪ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಫೋನು ಬಡಿಯಲೇ ಇಲ್ಲ ಮಗಾ, ಅಂಕೆ ಬೆಳಗ್ಗಿನದ್ದು ಎಂದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಕಲಿತ ಹುಡುಗಿ, ಪುಸ್ತಕದ ಮೇಲೆ ಭಕ್ತಿ. ಬರೆದದ್ದು ಉಂಟಲ್ಲಪ್ಪ, ಬರೆದದ್ದು ಸುಳ್ಳು ಹೇಳ್ತದಾ ಎಂದು ಕೇಳಿಬಿಟ್ಟಳು. ಅಪ್ಪ ಅವಳ ಮುಖವನ್ನೊಮ್ಮೆ ನೋಡಿ ಎದ್ದು ಹೋದರು. ಮತ್ತೆ ಹದಿನೈದು ವರ್ಷ ಬದುಕಿದರು, ಆ ಮಾತೆತ್ತಲಿಲ್ಲ. ಅಂಕೆ ಹೇಳಿ ಗೇಟು ಹಾಕುವ ಮೊದಲೇ ನಿದ್ದೆ ಹತ್ತಿರಬೇಕು, ಹೇಳಲು ನಾಚಿಕೆ ಎಂದುಕೊಂಡಳು ಅವಳು. ಮನುಷ್ಯನಿಗೆ ತಪ್ಪುತ್ತದೆ ಎಂದು, ತನ್ನೊಳಗೇ, ಎಂದೋ ಕ್ಷಮಿಸಿಯೂ ಆಗಿತ್ತು. ಪುರಂದರ ಕ್ಷಮಿಸಲಿಲ್ಲ. ಸೀತಾಂಗೋಳಿಯಲ್ಲಿ ಈಗ ಇಟ್ಟಿಗೆ ಅಚ್ಚುಹಾಕುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿರುವ ಅವನ ಮನೆಯಲ್ಲಿ ಅಮ್ಮನ ಪಟ ಉಂಟು, ಅಪ್ಪನದ್ದಿಲ್ಲ.

ಈ ಪುಟ್ಟ ಪಾದೆಬೈಲನ್ನು ಅವಳು ಕಟ್ಟಲು ಹೊರಟದ್ದು ಅದಕ್ಕೇ. ಒಮ್ಮೆಯಾದರೂ ಆ ಗೂಡ್ಸ್ ರೈಲು ಬರುವಾಗ ಗೇಟು ಮುಚ್ಚಿರಬೇಕು, ಅದರ ಪಕ್ಕದಲ್ಲಿ ಅಪ್ಪ ಹಸಿರು ಬಾವುಟ ಹಿಡಿದು ನಿಂತಿರಬೇಕು. ಇದನ್ನವಳು ಯಾರಿಗೂ ಹೇಳಿರಲಿಲ್ಲ. ಕೇಶವಪ್ರಸಾದರಿಗೆ ಮಾತ್ರ ಹೇಳಿದಳು. ಅವರು ತಲೆಯಾಡಿಸಿ, ಮಾಡುವ ಟೀಚರೇ ಎಂದರು.

ಎರಡು ವರ್ಷ ಭಾನುವಾರ ತಪ್ಪದೆ ಬಂದರು. ನಿಲ್ದಾಣದ ಕಡೆಯ ಸಂಗತಿ ಅವಳಿಗೆ ತಿಳಿಯದು. ಸಿಗ್ನಲ್ ಕಂಬ ಎಲ್ಲಿತ್ತು, ಹಳಿ ಎಲ್ಲಿ ಕವಲೊಡೆಯುತ್ತಿತ್ತು, ಕೋಣೆಯ ಕಿಟಕಿ ಯಾವ ದಿಕ್ಕಿಗೆ, ಎಲ್ಲ ಅವರೇ ಹೇಳಿ ಬರೆಸಿದರು. ಮಂದ ಕಾಗದದಲ್ಲಿ ಕಟ್ಟಡ, ಸುಕ್ಕುಗಟ್ಟಿದ ರಟ್ಟಿನಲ್ಲಿ ಹಂಚಿನ ಮಾಡು. ನಮ್ಮ ದೇಶದ ಇಂಜಿನು ಈ ಅಳತೆಯಲ್ಲಿ ಅವಳಿಗೆಲ್ಲಿಯೂ ಸಿಗದೆ, ಪರದೇಶದ್ದಕ್ಕೇ ಕಪ್ಪು ಬಳಿದು, ಡಬ್ಬಿಗಳಿಗೆ ಇಟ್ಟಿಗೆ ಬಣ್ಣ ಕೊಟ್ಟರು. ಕೆಂಪುಕಲ್ಲಿನ ಹುಡಿಯನ್ನೆಲ್ಲ ಕೆರೆದು ತೆಗೆದು, ತೆಂಗಿನಕಾಯಿಯ ಒಣ ಗೆರಟೆ ಕುಟ್ಟಿ ಹುಡಿಮಾಡಿ ಹಾಕುವ ಉಪಾಯವೂ ಅವರದ್ದೇ. ಗೆರಟೆಯಲ್ಲಿ ಎಂಥ ಕಬ್ಬಿಣವೂ ಇಲ್ಲ. ಅವಳ ಕಣ್ಣು ನೀರೂರುವುದನ್ನು ನೋಡಿ ಮುಂದಿನ ವಾರ ಕಾಲಿರುವ ಭೂತಗನ್ನಡಿಯೊಂದನ್ನು ತಂದಿಟ್ಟರು, ಏನೂ ಹೇಳದೆ. ಮಳೆಗಾಲದಲ್ಲಿ ಹಳಿ ಕೂರಿಸಿದ ಹಲಗೆ ಬಾಗದಿರಲೆಂದು ಅಡಿಗೆ ಪಟ್ಟಿ ಹೊಡೆದರು. ಅಪ್ಪನ ಗೊಂಬೆಯನ್ನು ತಂತಿ ಬಾಗಿಸಿ, ಮೇಣ ಮೆತ್ತಿ ಅವಳೇ ಮಾಡಿದ್ದು. ನೀಲಿ ಅಂಗಿ ಬಳಿಯುವಾಗ ಬಣ್ಣ ಕುತ್ತಿಗೆಗೆ ಹರಿದದ್ದಕ್ಕೆ, ಅವರು ಕುಂಚ ತೆಗೆದುಕೊಂಡು ಕಾಲರು ಸರಿಮಾಡಿದರು. ಇಂಥ ಸ್ನೇಹ ಮುಪ್ಪಿನಲ್ಲಿ ಸಿಕ್ಕಿತಲ್ಲ ಎಂದು ಪಂಕಜಾಕ್ಷಿ ಎಷ್ಟೋ ಸಲ ಅಂದುಕೊಂಡಿದ್ದಳು. ಪುರಂದರ ಮಾತ್ರ, ಅಕ್ಕನ ರೈಲಿಗೆ ಟಿಕೆಟು ಎಷ್ಟು ಎಂದು ತಮಾಷೆ ಮಾಡುತ್ತಿದ್ದ. ಗೇಟಿನ ಕಡೆಗೆ ಕಣ್ಣು ಹಾಯಿಸುತ್ತಿರಲಿಲ್ಲ.

ಮೊನ್ನೆ ಜನವರಿಯ ಒಂದು ಭಾನುವಾರ ಎಲ್ಲ ಮುಗಿದು, ಮೊದಲ ಬಾರಿಗೆ ವೇಳಾಪಟ್ಟಿ ಹಿಡಿದು ಓಡಿಸುವುದೆಂದಾಯಿತು. ಕೇಶವಪ್ರಸಾದರು ಎಲ್ಲಿಂದಲೋ ಎರಡು ಹಳೆಯ ಇಂಟರ್‌ಕಾಮ್ ಫೋನು ತಂದಿದ್ದರು. ನಿಲ್ದಾಣದ ತುದಿಯಲ್ಲಿ ಅವರು, ಹನ್ನೆರಡು ಅಡಿ ಆಚೆ ಗೇಟಿನ ತುದಿಯಲ್ಲಿ ಅವಳು. ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರ ಕೂತು ಇಬ್ಬರು ಮುದುಕರು ಫೋನಿನಲ್ಲಿ ಹಲೋ ಎನ್ನುವುದು ಕಂಡರೆ ಊರಿನವರು ಎಂತ ಹೇಳಿಯಾರೆಂದು ನಗಾಡಿದರು. ಅವಳು ಅಂಕೆಗಳ ಹಾಳೆಯನ್ನೂ ಬರೆದಿಟ್ಟುಕೊಂಡಿದ್ದಳು. ವೇಳಾಪಟ್ಟಿಯ ಒಂದು ಗಂಟೆಗೆ ಇಲ್ಲಿ ಹತ್ತು ನಿಮಿಷದ ಲೆಕ್ಕ. ಬೆಳಗ್ಗಿನ ಮೊದಲ ಪ್ಯಾಸೆಂಜರಿಗೆ ಫೋನು ಬಡಿಯಿತು, ಅವಳು ಗೇಟು ಇಳಿಸಿದಳು, ಅಂಕೆ ಹೇಳಿದಳು, ಗೀಟು ಹಾಕಿದಳು. ರೈಲು ಗೇಟು ದಾಟಿ, ಗೋಡೆಗೆ ತಾಗಿದ ಹಿಂಬದಿಯ ಸುತ್ತು ಬಳಸಿ, ನಿಲ್ದಾಣಕ್ಕೆ ಮರಳಿತು. ಅವಳ ಕಣ್ಣು ತುಂಬಿ ಬಂತು.

ಎರಡನೆಯದಕ್ಕೆ ಅವರಿಗೆ ಗಡಿಬಿಡಿಯಾಯಿತು. ವೇಗದ ಗುಂಡಿ ತಿರುಗಿಸಬೇಕು, ಹಳಿ ಬದಲಿಸುವ ಸನ್ನೆಕೋಲು ಒತ್ತಬೇಕು, ಪುಸ್ತಕ ಬರೆಯಬೇಕು, ಫೋನೂ ಹಿಡಿಯಬೇಕು. ಆಟದ ಹುರುಪು ಬೇರೆ. ಮುಖ ಕೆಂಪಾಗಿ, ಇಪ್ಪತ್ತು ವರ್ಷ ಎಳೆಯವರಾದ ಹಾಗಿದ್ದರು. ಫೋನಿಗೂ ಕಾಯದೆ ಅಲ್ಲಿಂದಲೇ ಹೇಳಿದರು:

“ಉಳಿದ ಮೂರೂ ಅಂಕೆ ಒಟ್ಟಿಗೆ ಕೊಟ್ಟುಬಿಡಿ. ಪ್ರತಿ ಸಲ ಫೋನು ಎಂತಕ್ಕೆ? ಐತಪ್ಪಣ್ಣ ಬೆಳಿಗ್ಗೆ ಆರಕ್ಕೇ ನಾಲ್ಕೂ ಕೊಟ್ಟುಬಿಡ್ತಿದ್ರು. ದಿನಕ್ಕೆ ನಾಲ್ಕೇ ರೈಲು ಅಲ್ವಾ.”

ಅವಳು ಹೇಳತೊಡಗಿದಳು. ಹದಿನಾರು. ಎಪ್ಪತ್ತೆರಡು. ಒಂದೊಂದಕ್ಕೂ ಗೀಟು ಹಾಕಿದಳು. ಹಾಳೆಯ ನಾಲ್ಕನೆಯದನ್ನೂ ಹೇಳಿ ಗೀಟು ಎಳೆದ ಮೇಲೆ ಕೈ ನಿಂತಿತು. ಆ ರೈಲುಗಳು ಇನ್ನೂ ಹೊರಟೇ ಇರಲಿಲ್ಲ.

ಅವಳು ಪೆನ್ಸಿಲು ಕೆಳಗಿಟ್ಟಳು. ಅವರು ಪುಸ್ತಕದಲ್ಲಿ ಬರೆದುಕೊಂಡು, ಗುಂಡಿ ತಿರುಗಿಸಿದರು. ಫೋನು ಬಡಿಯಲಿಲ್ಲ. ಕಪ್ಪು ಇಂಜಿನು ಡಬ್ಬಿಗಳನ್ನು ಎಳೆಯುತ್ತಾ ಗೆರಟೆಹುಡಿಯ ಮೇಲಿನ ಹಳಿಯಲ್ಲಿ ಬಂತು, ಎತ್ತಿಯೇ ಇದ್ದ ಗೇಟಿನ ನಡುವೆ, ನೀಲಿ ಅಂಗಿಯ ಗೊಂಬೆಯ ಮಗ್ಗುಲಲ್ಲಿ ಹಾದುಹೋಯಿತು.

ಅಂಕೆ ಬೆಳಗ್ಗಿನದ್ದು. ನಲವತ್ತೆಂಟು ವರ್ಷಗಳ ಮೇಲೆ ಆ ಮಾತು ಅವಳಿಗೆ ಅರ್ಥವಾಯಿತು. ಅಪ್ಪ ಒಗಟು ಹೇಳಿರಲಿಲ್ಲ, ತಡವರಿಸಿರಲಿಲ್ಲ. ನಡೆದದ್ದನ್ನು ಎರಡೇ ಮಾತಿನಲ್ಲಿ, ಕಲಿತ ಮಗಳಿಗೆ ತಿಳಿದೀತೆಂದು ಹೇಳಿದ್ದರು. ಬೆಳಿಗ್ಗೆ ಕೊಟ್ಟಿದ್ದ ನಾಲ್ಕನೆಯ ಅಂಕೆ ಸಂಜೆಯ ಪ್ಯಾಸೆಂಜರಿಗಿದ್ದದ್ದು. ನಡುವೆ ಗೂಡ್ಸ್ ಬಂತು. ಕೈಯಲ್ಲಿ ಅಂಕೆ ಇದ್ದವರು ಅದನ್ನೇ ಬರೆದು, ಫೋನು ಎತ್ತದೆ, ರೈಲು ಬಿಟ್ಟರು.

ಆಮೇಲೆ ಎರಡನೆಯ ಮಾತು ಹೊಳೆಯಿತು. ಅದು ಇನ್ನೂ ಕೆಟ್ಟದಾಗಿತ್ತು.

“ಮಾಸ್ಟ್ರೇ,” ಎಂದಳು. “ನೀವು ಬರುವಾಗ ಅಪ್ಪ ಹೋಗಿ ಆಗಿತ್ತು ಅಂದಿದ್ರಿ.”

ಅವರು ಗುಂಡಿಯನ್ನು ಸೊನ್ನೆಗೆ ತಿರುಗಿಸಿದರು. ರೈಲು ಗೋಡೆಯ ಬಳಿ ನಿಂತಿತು. ಮುಖದ ಕೆಂಪು ಇಳಿದು, ಮೊದಲ ದಿನ ಜಗಲಿಯಲ್ಲಿ ಕೂತಿದ್ದ ಮುದುಕ ಮತ್ತೆ ಅಲ್ಲಿ ಕೂತಿದ್ದ.

ಕೇಳುವ ಮೊದಲೇ ಅವರು ಹೇಳಿದರು. ಸೇರಿದ್ದು ಎಪ್ಪತ್ತೈದರಲ್ಲಿ. ಆಗ ಇಪ್ಪತ್ತಮೂರು ವಯಸ್ಸು. ಅಂಕೆಗಳನ್ನು ಒಟ್ಟಿಗೆ ಕೇಳುವುದು ಅವರೇ ಶುರುಮಾಡಿದ ರೂಢಿ. ಐತಪ್ಪಣ್ಣನಿಗೆ ಮನಸ್ಸಿರಲಿಲ್ಲ, ಮಾಸ್ಟ್ರು ಹೇಳಿದ ಮೇಲೆ ಎಂದು ಕೊಡುತ್ತಿದ್ದರು. ಆ ದಿನ ಗೂಡ್ಸ್ ಬರುತ್ತದೆಂದು ಆಚೆಯ ನಿಲ್ದಾಣದಿಂದ ತಿಳಿಸಿದಾಗ, ಅಂಕೆ ಬರೆದು, ಫೋನು ಆಮೇಲೆ ಮಾಡಿದರಾಯಿತು ಎಂದು ಸಿಗ್ನಲ್ ಕೊಟ್ಟರು. ಅಷ್ಟರಲ್ಲಿ ಯಾರೋ ಪಾರ್ಸೆಲ್ ಕೇಳಿಕೊಂಡು ಬಂದರು. ಮರೆತೇಹೋಯಿತು. ವಿಚಾರಣೆಯಲ್ಲಿ ಐತಪ್ಪಣ್ಣ ಇದ್ದದ್ದನ್ನು ಇದ್ದಂತೆ ಹೇಳಿದರು. ಹೌದಾ ಎಂದು ಇವರನ್ನು ಕೇಳಿದಾಗ, ನಾನು ಎಂದೂ ಹಾಗೆ ಕೇಳಿದ್ದಿಲ್ಲ, ಫೋನು ಮಾಡಿಯೇ ಬರೆದದ್ದು ಎಂದರು.

“ಅಪ್ಪ ಎಂತ ಹೇಳಿದ್ರು ಆಗ?”

“ಒಂದೂ ಹೇಳಲಿಲ್ಲ. ನನ್ನ ಮುಖ ನೋಡಿದ್ರು. ಹೊರಗೆ ಬಂದ ಮೇಲೆ, ಸ್ವಲ್ಪ ನೀರು ಕುಡೀರಿ ಮಾಸ್ಟ್ರೇ, ಕೈ ನಡುಗ್ತಾ ಉಂಟು ಅಂದ್ರು.”

ಆ ನೀರಿನ ಮಾತನ್ನು ಅವಳಿಗೆ ತಡೆಯಲಾಗಲಿಲ್ಲ. ಕಟ್ಟಿಹಾಕಿದ ಹಾಗೆ ಕೂತಿದ್ದವಳು ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತಳು. ಎರಡು ವರ್ಷ, ನೂರು ಭಾನುವಾರ. ತಾನು ಈ ಮನುಷ್ಯನ ಎದುರು ಕೂತು, ಅಪ್ಪನಿಗೆ ನಿದ್ದೆ ಹತ್ತಿರಬೇಕು, ಪಾಪ, ಎಂದು ಎಷ್ಟು ಸಲ ಹೇಳಿಲ್ಲ. ಇವರು ಪ್ರತಿ ಸಲ ತಲೆಯಾಡಿಸಿದ್ದರು. ಇದೇ ಕೈಯಿಂದ ಅಪ್ಪನ ಕಾಲರಿಗೆ ಬಣ್ಣ ಹಚ್ಚಿದ್ದರು. ಭೂತಗನ್ನಡಿ, ಹಲಗೆಯ ಪಟ್ಟಿ, ಗೆರಟೆಯ ಹುಡಿ. ಒಳ್ಳೆಯತನವೆಂದು ಮನಸ್ಸಿನಲ್ಲಿ ಒಂದೊಂದಾಗಿ ತೆಗೆದಿಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಕೈ ಸುಟ್ಟಂತಾಯಿತು.

ಮೊದಲ ದಿನ ಹೇಳುವುದಕ್ಕೆಂದೇ ಬಂದಿದ್ದೆ ಎಂದರು ಅವರು ಹಿಂದಿನಿಂದ. ಟೀಚರ್ ಚಹಾ ಕೊಟ್ಟರು, ಕೂತುಕೊಳ್ಳಿ ಎಂದರು. ಆಮೇಲೆ ಆಗಲಿಲ್ಲ. ಪ್ರತಿ ವಾರ ಬಸ್ಸಿನಲ್ಲಿ ಇವತ್ತು ಹೇಳುವುದೆಂದು ಕೂತದ್ದು, ಪ್ರತಿ ವಾರ ಇಂಜಿನು ಒರೆಸಿ ಹೋದದ್ದು.

“ನಾನು ಅಪ್ಪನಿಗೆ ಬರೆದದ್ದು ಸುಳ್ಳು ಹೇಳ್ತದಾ ಅಂತ ಕೇಳಿದ್ದೆ,” ಎಂದಳು ಪಂಕಜಾಕ್ಷಿ, ತಿರುಗದೆ. “ಅದು ನಿಮ್ಮ ಅಕ್ಷರ.”

ಅವರು ಕ್ಷಮೆ ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು ಎಂದು ಅವಳಿಗೆ ಅನಿಸಿತು. ಕೇಳಿದ್ದರೆ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದಳು. ಮೇಜಿನ ಮೇಲಿದ್ದ ತನ್ನ ಮೊಬೈಲು ತೆಗೆದು, ಪುರಂದರನ ನಂಬರು ಒತ್ತಿ, ಅವರ ಮುಂದೆ ಹಿಡಿದಳು. ಅವನು ಹದಿಮೂರಕ್ಕೆ ಸೋಡಾ ಬಾಟಲಿ ತೊಳೆಯಲು ಹೋದವನು, ಅವನಿಗೂ ಹೇಳಿ ಎಂದಳು.

ಕೇಶವಪ್ರಸಾದರು ಹೇಳಿದರು. ಮೊದಲಿನಿಂದ, ಒಂದನ್ನೂ ಬಿಡದೆ, ತಮ್ಮ ಹೆಸರು ಹೇಳಿ. ಆಚೆಯಿಂದ ಇಟ್ಟಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನಡುವೆ ಅದು ನಿಂತಿತು. ಎಲ್ಲ ಮುಗಿದ ಮೇಲೆ ಪುರಂದರ, ಅಲ್ಲೇ ಇರಿ ಎಂದಷ್ಟೇ ಹೇಳಿ ಫೋನಿಟ್ಟ. ಪಂಕಜಾಕ್ಷಿಗೆ ಅವರು ಅಲ್ಲೇ ಇರುವುದೂ ಬೇಡವಾಗಿತ್ತು. ಹೊರಗೆ ನಡೆಯಿರಿ ಎಂದಳು. ಅಷ್ಟು ವರ್ಷ ಎಂಥ ತುಂಟ ಮಕ್ಕಳಿಗೂ ಆ ಮಾತು ಹೇಳಿದವಳಲ್ಲ. ಅವರು ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ರಸ್ತೆಯಾಚೆಯ ಬಸ್ಸು ತಂಗುದಾಣದಲ್ಲಿ ಹೋಗಿ ಕೂತರು.

ಪುರಂದರ ಮುಕ್ಕಾಲು ಗಂಟೆಯಲ್ಲಿ ಬಂದ. ಅಂಗಿಗೆಲ್ಲ ಸಿಮೆಂಟಿನ ಹುಡಿ. ಒಳಗೆ ಬಂದವನು ಅಕ್ಕನ ಮುಖ ನೋಡಲಿಲ್ಲ. ನೇರ ಗೇಟಿನ ತುದಿಗೆ ಹೋಗಿ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಬಗ್ಗಿ ನೋಡಿದ. ಭೂತಗನ್ನಡಿಯನ್ನು ಎಳೆದು ನೋಡಿದ. ಗೊಂಬೆಯ ತೋಳಿನ ಬಳಿ ಬೆರಳು ಒಯ್ದವನು ಮುಟ್ಟದೆ ಹಿಂದಕ್ಕೆಳೆದುಕೊಂಡ.

“ಅಪ್ಪ ಸಾಯುವ ವಾರ ನನ್ನ ಹತ್ರ ಬೀಡಿ ಕೇಳಿದ್ರು ಅಕ್ಕ,” ಎಂದ. “ನಿಮ್ಮಿಂದಾಗಿ ಹಾಳಾದವ ನಾನು, ಬೀಡಿ ಬೇರೆ ಕೊಡಬೇಕಾ ಅಂದೆ.”

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಮುಖ ಒರೆಸಿಕೊಂಡು, ಎಲ್ಲಿದ್ದಾನೆ ಅವ ಎಂದು ಕೇಳಿದ. ಅವಳು ಕಿಟಕಿಯ ಕಡೆ ನೋಡಿದ್ದೇ ಸಾಕಾಯಿತು. ಅವನು ದಾಪುಗಾಲು ಹಾಕಿ ಹೊರಟ. ಹಿಂದಿನಿಂದ ಕರೆದಳು, ನಿಲ್ಲಲಿಲ್ಲ.

ಕಿಟಕಿಯ ಸರಳು ಹಿಡಿದು ನೋಡುತ್ತಾ ನಿಂತಳು. ತಂಗುದಾಣದೊಳಗೆ ಕೇಶವಪ್ರಸಾದರು ಎದ್ದು ನಿಂತದ್ದು ಕಾಣಿಸಿತು. ಪುರಂದರ ಅವರ ಎದುರು, ಒಂದು ಮೊಳದ ಅಂತರದಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಏನು ಮಾತಾಯಿತೋ ಕೇಳಿಸಲಿಲ್ಲ. ಒಂದು ರಿಕ್ಷಾ ಹಾದುಹೋಯಿತು. ಮತ್ತೆ ನೋಡುವಾಗ ಮುದುಕ ಕಂಬ ಹಿಡಿದುಕೊಂಡಿದ್ದರು, ತಮ್ಮ ತಿರುಗಿ ಬರುತ್ತಿದ್ದ.

ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಹೊಡೆಯುವ ಅಂತಲೇ ಹೋದದ್ದು. ಬೇಕಾದ್ರೆ ಹೊಡಿ ಅಂತ ಅವನೂ ನಿಂತ,” ಎಂದ. ನೆಲ ನೋಡುತ್ತಾ ಹೇಳಿದ: “ಸಕ್ಕರೆ ಕಾಯಿಲೆಯ ಗುಳಿಗೆ ತಿಂದಾಗಿದೆಯಂತೆ, ಊಟ ಆಗಿಲ್ಲ. ಬಸ್ಸು ಇರುವುದು ಎರಡೂಮುಕ್ಕಾಲಿಗೆ. ಮೈಯೆಲ್ಲ ಬೆವರು.”

ಅದಕ್ಕೆ ನಾನೆಂತ ಮಾಡಬೇಕು ಎಂಬ ಮಾತು ಪಂಕಜಾಕ್ಷಿಯ ನಾಲಗೆಯ ತುದಿಯವರೆಗೆ ಬಂದಿತ್ತು. ತಮ್ಮ ಒಲೆಯ ಕಡೆಗೆ ನೋಡುತ್ತಿದ್ದ. ಅಪ್ಪನ ಮುಖದ ಯಾವ ಹೋಲಿಕೆಯೂ ಇಲ್ಲದ ಅವನು ನಿಂತ ರೀತಿಯಲ್ಲಿ, ಆ ಬಗ್ಗಿದ ಕತ್ತಿನಲ್ಲಿ, ಅವಳಿಗೆ, ನೀರು ಕುಡೀರಿ ಮಾಸ್ಟ್ರೇ ಎಂದ ಅಪ್ಪ ಕಂಡರು; ಮಾತು ನುಂಗಿಕೊಂಡಳು.

ಅನ್ನ ಇನ್ನೂ ಬೆಚ್ಚಗಿತ್ತು. ಊಟದ ಡಬ್ಬಿಗೆ ಕೈಹಾಕಿದವಳು ಅದನ್ನು ಬಿಟ್ಟು, ಹಿತ್ತಿಲಿಗೆ ಹೋಗಿ ಒಂದು ಬಾಳೆಲೆ ಕೊಯ್ದು ತಂದಳು. ಡಬ್ಬಿಯಲ್ಲಿ ಕೊಟ್ಟರೆ ಅದನ್ನು ಹಿಂದಿರುಗಿಸಲು ಮನುಷ್ಯ ಬರಬೇಕು, ಬರಿದಾಗಿ ತರಬಾರದೆಂದು ನಾಲ್ಕು ವೀಳ್ಯದೆಲೆಯಾದರೂ ಹಾಕಿ ತರುತ್ತಾನೆ, ಆಗ ಕೂತುಕೊಳ್ಳಿ ಎನ್ನಬೇಕಾಗುತ್ತದೆ. ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಕುಚ್ಚಲಕ್ಕಿ ಅನ್ನ, ಅಲಸಂಡೆ ಪಲ್ಯ, ಒಂದು ಮುದ್ದೆ ಚಟ್ನಿ ಹಾಕಿ ಮಡಿಚಿ, ಬಾಳೆನಾರಿನಿಂದ ಕಟ್ಟಿದಳು. ಕೊಡು, ನಾನು ಒಯ್ಯುತ್ತೇನೆ ಎಂದ ಪುರಂದರ. ಬೇಡವೆಂದು ತಲೆಯಾಡಿಸಿದಳು.

ರಸ್ತೆ ದಾಟುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕೇಶವಪ್ರಸಾದರು ಏಳಲು ಹೋಗಿ ಮತ್ತೆ ಕೂತರು. ಪಂಕಜಾಕ್ಷಿ ಅವರ ಮುಖ ನೋಡಲಿಲ್ಲ. ಬೆಚ್ಚಗಿದ್ದ ಎಲೆಯ ಕಟ್ಟನ್ನು ಅವರ ನಡುಗುವ ಎರಡು ಕೈಗಳ ನಡುವೆ, ಬೀಳದ ಹಾಗೆ ಇಟ್ಟಳು.